ಐವತ್ತು ಗ್ರೇನ್ ಮದ್ದು

ವಿಲ್ಮರ್‌ನ ಕೋವಿಗೆ ಐವತ್ತು ಗ್ರೇನ್, ಅಂದರೆ ಮೂರು ಗ್ರಾಂ ಚಿಲ್ಲರೆ, ಮದ್ದು ಎಂಬುದು ಗುರಿಕಾರರ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬಾಯಿಂದ ಮದ್ದು ತುಂಬಿ, ಬಟ್ಟೆ ಸುತ್ತಿದ ಗುಂಡನ್ನು ಗಜದಿಂದ ಜಡಿದು, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ ಹಳೆಯ ಮಾದರಿಯ ಕೋವಿ ಅದು. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರಿಲ್ಲ, ಬರೀ ನುಣುಪು. ಅಂಥ ಕೋವಿ ಹಟಮಾರಿ ಹಸುವಿನಂತೆ, ಅದಕ್ಕೆ ಒಗ್ಗಿದ ಅಳತೆಯನ್ನೇ ಹಾಕಬೇಕು. ಇಪ್ಪತ್ತೈದು ಹೆಜ್ಜೆ ದೂರದ ಗುರಿಹಲಗೆಯಲ್ಲಿ ವಿಲ್ಮರ್‌ನ ಗುಂಡುಗಳು ಒಂದರ ಪಕ್ಕ ಒಂದು ಕೂರುತ್ತಿದ್ದವು.

ಆ ವರ್ಷ ವಸಂತದಲ್ಲಿ ಅವನ ಬಲಭುಜಕ್ಕೆ ಆಪರೇಷನ್ ಆಯಿತು. ಡಿಸೆಂಬರ್ ಹೊತ್ತಿಗೆ ಕೈ ಎತ್ತಲು ಬರುತ್ತಿತ್ತು, ಆದರೆ ಕೋವಿಯ ಒದೆತ ತಿನ್ನುವ ಶಕ್ತಿ ಮರಳಿರಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಜಿಂಕೆಬೇಟೆ ಶುರುವಾಗುವುದಿತ್ತು. ಜಿಂಕೆಗೆ ಎಂಬತ್ತು ಗ್ರೇನ್ ಬೇಕು ಎಂದು ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ. ಒಂದು ಮಧ್ಯಾಹ್ನ ಕ್ಲಬ್ಬಿನಲ್ಲಿ ಎಂಬತ್ತು ತುಂಬಿ ಮೂರು ಗುಂಡು ಹೊಡೆದ. ಒಂದು ಹಲಗೆಯ ಮೇಲಂಚಿಗೆ, ಒಂದು ಎಡಕ್ಕೆ, ಮೂರನೆಯದು ಎಲ್ಲಿ ಹೋಯಿತೋ ಕಾಣಲಿಲ್ಲ. ಭುಜ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟ.

"ಬಟ್ಟೆ ತೆಳ್ಳಗಾಯ್ತು ಭಾವ," ಎಂದ ಎಲ್ವುಡ್. ಅವನು ವಿಲ್ಮರ್‌ನ ಹೆಂಡತಿ ಅರ್ಲೀನಳ ತಮ್ಮ. "ಮದ್ದು ಜಾಸ್ತಿಯಾದ್ರೆ ಬಟ್ಟೆ ಸುಟ್ಟೋಗುತ್ತೆ, ಗುಂಡು ದಿಕ್ಕು ತಪ್ಪುತ್ತೆ. ದಪ್ಪಂದು ಹಾಕಿ ನೋಡು."

"ನನಗೇ ಪಾಠ ಹೇಳ್ತೀಯಾ? ಹೋದ ವರ್ಷ ಮದ್ದೇ ಹಾಕದೆ ಗುಂಡು ಜಡಿದು, ಟಿಕ್ ಅನ್ನಿಸ್ಕೊಂಡು ನಿಂತಿದ್ದೋನು ಯಾರಪ್ಪ?"

"ಸರಿ, ನಾನೇ. ಆದ್ರೂ ಇನ್ನೊಂದು ನಾಲ್ಕು ಹೊಡೆದು ನೋಡು."

"ಸಾಕು ಬಿಡು. ಐವತ್ತರಲ್ಲೇ ಹೋಗ್ತೀನಿ. ಮೂವತ್ತು ಹೆಜ್ಜೆ ಒಳಗೆ ಬಂದ್ರೆ ಮಾತ್ರ ಹೊಡೀತೀನಿ."

"ಜಿಂಕೆಗೆ ಹೇಳಿದ್ದೀಯಾ ಈ ಮಾತು?" ಎಂದು ಎಲ್ವುಡ್ ನಕ್ಕ.

ಬೇಟೆಯ ದಿನಗಳು ಒಂದೊಂದಾಗಿ ಖಾಲಿ ಹೋದವು. ಕೊನೆಯ ದಿನ ಮಧ್ಯಾಹ್ನ ಎಲ್ವುಡ್ ಗುಡ್ಡದ ಆಚೆ ಇದ್ದ. ವಿಲ್ಮರ್ ಹೆಮ್ಲಾಕ್ ಮರಗಳ ಬುಡದಲ್ಲಿ ಕೂತಿದ್ದ. ಕಾಲ್ಬೆರಳು ಮರಗಟ್ಟಿದ್ದವು. ಒಂದು ಹೆಣ್ಣುಜಿಂಕೆ ತೊರೆಯ ದಂಡೆ ಹಿಡಿದು ಬಂದು, ಮೈ ಅಡ್ಡಮಾಡಿ ನಿಂತಿತು. ದೂರ ಎಪ್ಪತ್ತು ಹೆಜ್ಜೆಗೆ ಕಮ್ಮಿಯಿರಲಿಲ್ಲ. ಅದು ವಿಲ್ಮರ್‌ಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ಮದ್ದಿಗೆ ಗುಂಡು ಅಲ್ಲಿಗೆ ಹೋಗುವಷ್ಟರಲ್ಲಿ ಕೆಳಗಿಳಿಯುತ್ತದೆ ಎಂಬುದೂ ಗೊತ್ತಿತ್ತು. ಸ್ವಲ್ಪ ಮೇಲಕ್ಕೆ ಹಿಡಿದರಾಯಿತು ಎಂದುಕೊಂಡು ಕೋವಿಯ ಕುದುರೆ ಎಳೆದ.

ಹೊಗೆ ಚದುರಿದಾಗ ಜಿಂಕೆ ಬೆನ್ನು ಬಾಗಿಸಿಕೊಂಡು ಪೊದೆಯೊಳಗೆ ನುಗ್ಗುತ್ತಿತ್ತು. ಎದೆಗೆ ತಗುಲಿದ ಜಿಂಕೆ ಹಾಗೆ ಓಡುವುದಿಲ್ಲ.

ಸದ್ದು ಕೇಳಿ ಬಂದ ಎಲ್ವುಡ್ ಹಿಮದ ಮೇಲಿನ ಕಲೆಯನ್ನು ಬಗ್ಗಿ ನೋಡಿದ. ರಕ್ತ ಸ್ವಲ್ಪವೇ ಇತ್ತು. ಜೊತೆಗೆ ಹಸಿರು ಮಿಶ್ರವಾದ ಲೋಳೆ.

"ಹೊಟ್ಟೆಗೆ," ಎಂದ.

"ಹೂಂ."

"ಎಲ್ಲಿಂದ ಹೊಡೆದೆ?"

ವಿಲ್ಮರ್ ಮರದ ಬುಡ ತೋರಿಸಿದ. ಎಲ್ವುಡ್ ಅತ್ತ ನೋಡಿದ, ಇತ್ತ ನೋಡಿದ, ಕೈಗವಸಿನ ಹಿಮ ಕೊಡವಿಕೊಂಡ. ಅವನು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ವಿಲ್ಮರ್‌ಗೆ.

ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಬಾರದು, ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆ. ಹಾಗಾಗಿ ಒಂದಷ್ಟು ಹೊತ್ತು ಕಾದು ಹೊರಟರು. ಅಷ್ಟರಲ್ಲಿ ಹಿಮ ಸುರಿಯತೊಡಗಿ ಹೆಜ್ಜೆಗುರುತು ಮುಚ್ಚುತ್ತಾ ಬಂತು. ತೊರೆಯ ಬಳಿ ಪೂರ್ತಿ ತಪ್ಪಿಹೋಯಿತು. ಕತ್ತಲಾಗುವವರೆಗೂ ವಿಲ್ಮರ್ ಒಂದೊಂದೇ ಪೊದೆ ಬಗೆದು ನೋಡಿದ. ಕೊನೆಗೆ ಎಲ್ವುಡ್ ತೋಳು ಹಿಡಿದು ಮನೆಗೆ ಕರೆತಂದ.

ಮರುದಿನ ಬೇಟೆಯ ಅವಧಿ ಮುಗಿದಿತ್ತು. ಕೋವಿ ಇಲ್ಲದೆ ಇಬ್ಬರೂ ಮತ್ತೆ ಹೋದರು. ಕಾಗೆಗಳು ಜಾಗ ತೋರಿಸಿದವು. ತೋಳದಂಥ ಕಯೋಟಿಗಳು ಹಿಂಭಾಗ ತಿಂದು ಹೋಗಿದ್ದವು. ಅಲ್ಲಿ ಒಂದಲ್ಲ, ಮೂರು ಕಡೆ ಹಿಮ ಕರಗಿ ಮೈಯಚ್ಚು ಮೂಡಿತ್ತು. ಮಲಗಿ, ಎದ್ದು, ಮತ್ತೆ ಮಲಗಿತ್ತು ಜಿಂಕೆ. ಬಹಳ ಹೊತ್ತು ಬದುಕಿತ್ತು.

"ಹೋಗೋಣ ಭಾವ."

"ಗುಂಡು ಎಲ್ಲಿ ನಿಂತಿದೆ ನೋಡ್ಬೇಕು."

"ನೋಡಿ ಏನ್ಮಾಡ್ತೀಯ?"

ಆದರೂ ವಿಲ್ಮರ್ ಮೊಣಕಾಲೂರಿ, ಚಾಕು ತೆಗೆದು ಹುಡುಕಿದ. ಗುಂಡು ಆಚೆ ಬದಿಯ ಚರ್ಮದ ಕೆಳಗೇ ನಿಂತಿತ್ತು. ದಾಟಿಹೋಗುವ ಕಸುವೂ ಅದಕ್ಕಿರಲಿಲ್ಲ. ಅದನ್ನು ಅಲ್ಲೇ ಹಿಮದಲ್ಲಿ ಬಿಟ್ಟು ಎದ್ದ.

ಮಾರ್ಚಿನಲ್ಲಿ ಒಂದು ದಿನ ಅವನು ಯಾರಿಗೂ ಹೇಳದೆ ಕ್ಲಬ್ಬಿಗೆ ಹೋಗಿ, ಅರ್ಲೀನಳ ಹೊಲಿಗೆಪೆಟ್ಟಿಗೆಯಿಂದ ತಂದ ದಪ್ಪ ಬಟ್ಟೆಗೆ ಕೊಬ್ಬು ಸವರಿ, ಎಂಬತ್ತು ಗ್ರೇನ್ ತುಂಬಿ ಹೊಡೆದ. ಭುಜ ಉರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಹಲಗೆಯ ಬಳಿ ಹೋಗಿ ನೋಡಿದರೆ ಐದು ತೂತುಗಳನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಡಿಸೆಂಬರಿನ ಆ ಮಧ್ಯಾಹ್ನ ಇದೇ ಹಲಗೆಯ ಮುಂದೆ ಇನ್ನೊಂದರ್ಧ ಗಂಟೆ ನಿಂತಿದ್ದರೆ ಆಗುತ್ತಿದ್ದ ಕೆಲಸ. ಅಂಗೈಯನ್ನು ಹಲಗೆಯ ಮೇಲೆ ಹಾಗೇ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಎಲ್ವುಡ್‌ಗೆ ಫೋನಿನಲ್ಲಿ ಹೇಳಿದ. "ಬಟ್ಟೇದೇ ತಪ್ಪು. ನೀನು ಹೇಳಿದ್ದೇ ಸರಿ."

"ನಾನು ಹೇಳಿದ್ದು ಸರಿಯಾಗದೇ ಇದ್ದಿದ್ರೆ ಚೆನ್ನಾಗಿತ್ತು ಭಾವ," ಎಂದ ಎಲ್ವುಡ್.

ಮುಂದಿನ ಚಳಿಗಾಲ ವಿಲ್ಮರ್ ಬೇಟೆಯ ಲೈಸೆನ್ಸ್ ತೆಗೆಸಲಿಲ್ಲ. ಅರ್ಲೀನ್ ಯಾಕೆಂದು ಒಂದೆರಡು ಸಲ ಕೇಳಿ ಬಿಟ್ಟುಬಿಟ್ಟಳು. ಎಲ್ವುಡ್ ತಾನು ಹೊಡೆದ ಜಿಂಕೆಯ ಒಂದು ತೊಡೆ ತಂದುಕೊಟ್ಟ. ಅವಳು ಆಲೂಗಡ್ಡೆ ಹಾಕಿ ಬೇಯಿಸಿದಳು. ವಿಲ್ಮರ್ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ಎರಡನೆಯ ಸಲ ಬಡಿಸಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದ.