ಬಾಲದಕ್ಕನ ಬಲಗೈ

ನಾನು ಕವಚದ ಚಿತ್ರ ಬರೆಯುವವಳು. ಆನ್‌ಲೈನ್ ಆಟದಲ್ಲಿ ಲಕ್ಷಾಂತರ ಜನ ಕತ್ತಿ ಹಿಡಿದು ಓಡಾಡುತ್ತಾರಲ್ಲ, ಅವರು ತೊಡುವ ಕವಚ. ನಾನು ಬರೆಯುವುದು ಮನುಷ್ಯರ ಮೈಗೆ ಮಾತ್ರ. ಆಮೇಲೆ ಅದನ್ನು ಆಟದ ಕುಳ್ಳರಿಗೆ, ಕೊಂಬಿನವರಿಗೆ, ಬಾಲದವರಿಗೆ ಬೇರೆಯವರು ಹೊಂದಿಸುತ್ತಾರೆ. ಬಾಲದವರ ಪಾಲು ನಮ್ಮ ಬಾಲದಕ್ಕನದು. ಆ ಹೆಸರಿಟ್ಟವಳು ನಾನೇ. ಅವಳು ಬೇಜಾರು ಮಾಡಿಕೊಳ್ಳದೆ, "ಕೋತಿ ಅನ್ಲಿಲ್ವಲ್ಲ, ನನ್ನ ಪುಣ್ಯ" ಎಂದಿದ್ದಳು.

ಬಾಲದ ಕೆಲಸವೆಂದರೆ ಹಿಂದೊಂದು ತೂತು ಕೊರೆದು ಕೈತೊಳೆದುಕೊಳ್ಳುವುದಲ್ಲ. ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ತಗಡುಗಳಿಗೆ ನಾವು ಲಂಗ ಎನ್ನುತ್ತೇವೆ. ಬಾಲ ಆಡಿದಂತೆ ಲಂಗವೂ ಆಡಬೇಕು. ಕೂತಾಗ, ಕುದುರೆ ಹತ್ತಿದಾಗ, ಕೊನೆಗೆ ಸತ್ತು ಬಿದ್ದಾಗಲೂ ಬಾಲ ತಗಡನ್ನು ತೂರಿ ಹೊರಗೆ ಬರಬಾರದು. ಒಂದೊಂದೇ ತಗಡನ್ನು ಕಂಪ್ಯೂಟರಿನ ಪೆನ್ನಿನಿಂದ ಎಳೆದೆಳೆದು ಕೂರಿಸಬೇಕು. ವರ್ಷಗಟ್ಟಲೆ ಅದನ್ನೇ ಮಾಡಿ ಅಕ್ಕನ ಬಲಗೈ ಸೋತಿತ್ತು. ಅಂಗಿಯ ಗುಂಡಿ ಹಾಕಲೂ ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. ಈಗಲೇ ಕೆಲವು ತಿಂಗಳು ಬಿಡುವು ಕೊಟ್ಟರೆ ಕೈ ಉಳಿಯುತ್ತದೆ, ಇಲ್ಲವಾದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದಿದ್ದರು ಡಾಕ್ಟರು.

ನಮ್ಮ ಮುಖ್ಯಸ್ಥನಿಗೆ ಆಗುತ್ತೆಬಿಡಿ ಎಂದೇ ಹೆಸರು. ಯಾರು ಏನು ತೋಡಿಕೊಂಡರೂ ಅವನದು ಅದೇ ಮಾತು. ರಜೆ ಕೇಳಲು ಹೋದ ಅಕ್ಕನಿಗೂ, "ಈ ಸಲದ ಕವಚಗಳು ಮುಗೀಲಿ, ಆಮೇಲೆ ಹೋಗಿ. ಆಗುತ್ತೆ ಬಿಡಿ" ಎಂದ. ಬಿಡಬೇಕಂತೆ! ಏನನ್ನು, ಕೈಯನ್ನೇ? ನನಗೆ ಮೈಯೆಲ್ಲ ಉರಿದುಹೋಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಸಲದ ಯಾವ ಕವಚಕ್ಕೂ ನಾನು ಲಂಗವನ್ನೇ ಬರೆಯಲಿಲ್ಲ. ಒಂದಕ್ಕೆ ಭುಜ ಎತ್ತರಿಸಿದೆ, ಒಂದಕ್ಕೆ ಗರಿ ಸಿಕ್ಕಿಸಿದೆ, ಒಂದಕ್ಕೆ ಕೆಂಪು ಬಳಿದೆ. ಸೊಂಟದ ಕೆಳಗೆ ಎಲ್ಲವೂ ಒಂದೇ ಬಿಗಿ ಚಲ್ಲಣ. ಅಕ್ಕ ಒಂದನ್ನು ಹೊಂದಿಸಿದರೆ ಸಾಕು, ಉಳಿದವಕ್ಕೆ ಅದನ್ನೇ ಅಂಟಿಸಬಹುದು.

ಅವಳಿಗೆ ತಿಳಿಯದೆ ಇರುತ್ತದೆಯೇ? "ನಿಂಗ್ಯಾಕೇ ಇಲ್ಲದ ಉಸಾಬರಿ?" ಎಂದು ಗದರಿದಳು. ಆದರೆ ಕೆಲವು ದಿನ ಕಳೆದ ಮೇಲೆ ನನ್ನ ಮೇಜಿನ ಬಳಿ ಬಂದು, "ಇವತ್ತು ಮಗಳಿಗೆ ನಾನೇ ಜಡೆ ಹಾಕ್ದೆ ಕಣೇ" ಎಂದು ಬೆರಳು ಮಡಚಿ ಬಿಚ್ಚಿ ತೋರಿಸಿದಳು. ಆ ದಿನ ನಾನು ನೆಲದ ಮೇಲಿರಲಿಲ್ಲ.

ಕವಚಗಳು ಆಟಕ್ಕೆ ಬಂದವು. ಆಟಗಾರರು ಉಗಿದು ಉಪ್ಪಿನಕಾಯಿ ಹಾಕಿದರು. "ಎಲ್ಲ ಒಂದೇ ಅಚ್ಚು. ಬಣ್ಣ ಬಳಿದು ಹೊಸದು ಅಂತಾರೆ." "ಚಿತ್ರ ಬರೆಯೋರಿಗೆ ಸೋಮಾರಿತನ." ಸಂಕಟವೆಂದರೆ ಅವರು ಹೇಳಿದ್ದು ಸುಳ್ಳಲ್ಲ.

ಆಗುತ್ತೆಬಿಡಿ ನಮ್ಮಿಬ್ಬರನ್ನೂ ಕರೆಸಿದ. "ಜನ ಬಗೆಬಗೆ ಕೇಳ್ತಿದಾರೆ. ಎಲ್ಲದಕ್ಕೂ ಲಂಗ ಹಾಕಿ. ಒಂದರ ಹಾಗೆ ಇನ್ನೊಂದು ಇರಬಾರದು."

"ಇದು ನನ್ನ ತಪ್ಪು ಸರ್. ಬಾಲದ ಕೆಲಸವನ್ನೂ ನಾನೇ ಮಾಡ್ತೀನಿ" ಎಂದೆ.

"ನೀವು ಬಾಲ ಹಿಡ್ಕೊಂಡು ಕೂತ್ರೆ ಹೊಸ ಲಂಗ ಯಾರು ಬರೀತಾರೆ? ಅವರೇ ಮಾಡ್ತಾರೆ. ಆಗುತ್ತೆ ಬಿಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒಂದು ಸಲ ಮುಗಿಸಿದ್ದ ಕೆಲಸ ಅಕ್ಕನ ಪಾಲಿಗೆ ಎರಡನೆಯ ಸಲ ಬಂತು, ಅದೂ ಮೊದಲಿಗಿಂತ ಹೆಚ್ಚಾಗಿ. ನಾನು ಸುಮ್ಮನಿದ್ದಿದ್ದರೆ ಅಷ್ಟಾದರೂ ತಪ್ಪುತ್ತಿತ್ತು. ನಾನು ಲಂಗ ಬರೆಯುತ್ತಾ ಹೋದೆ, ಪಕ್ಕದ ಮೇಜಿನಲ್ಲಿ ಅವಳು ಹಲ್ಲುಕಚ್ಚಿ ತಗಡು ಎಳೆಯುತ್ತಾ ಹೋದಳು.

"ಒಂದ್ಸಲ ಬೈದ್ಬಿಡೇ ಅಕ್ಕ" ಎಂದೆ.

"ಹೊಡೀಬೇಕು ಅಂತಿದೀನಿ. ಕೈಯೇ ಏಳಲ್ವಲ್ಲೇ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕವಚಗಳು ಮತ್ತೆ ಬಂದವು. ಆಟಗಾರರು ಕುಣಿದಾಡಿದರು. "ನೋಡಿದ್ರಾ, ನಾಲ್ಕು ಮಾತು ಬೈದ್ರೆ ಸರಿಯಾಗಿ ಕೆಲಸ ಮಾಡ್ತಾರೆ" ಎಂದು ಒಬ್ಬ ಬರೆದ. ಅಕ್ಕನಿಗೆ ರಜೆಯೂ ಸಿಕ್ಕಿತು.

ಒಂದು ಸಂಜೆ ಅವಳ ಮನೆಗೆ ಹೋದೆ. ಭಾವ ಪಾತ್ರೆ ತೊಳೆಯುತ್ತಿದ್ದವರು ಒದ್ದೆ ಕೈಯಲ್ಲೇ ಬಾಗಿಲು ತೆಗೆದು, ಮತ್ತೆ ಅಡುಗೆಮನೆಗೆ ಹೋದರು. ಅಕ್ಕ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು.

"ನರ ಸತ್ತೋಗಿದ್ಯಂತೆ. ಆಪರೇಷನ್ ಮಾಡಿದ್ರೂ ಇನ್ನಿಷ್ಟೇ ಅಂತೆ."

ನಾನು ಗೊಳೋ ಎಂದು ಅತ್ತುಬಿಟ್ಟೆ. "ಏಯ್, ಕೈ ಹೋಗಿರೋದು ನಂದು, ಅಳೋಳು ನೀನಾ?" ಎಂದು ಅವಳೇ ಸಮಾಧಾನ ಮಾಡಿದಳು.

ನಾನು ಬಂದದ್ದು ನೋಡಿ ಹೋಗಲೆಂದಷ್ಟೇ ಅಲ್ಲ. ಆಗುತ್ತೆಬಿಡಿ ಕಳಿಸಿದ್ದ. ಕಣ್ಣೊರೆಸಿಕೊಂಡು ಹೇಳಿದೆ. "ಮುಂದಿನ ಕವಚಗಳ ಕೆಲಸ ಬಂದಿದೆ ಅಕ್ಕ. ಮನೇಲೇ ಕೂತು ಎಡಗೈಲಿ ಮಾಡ್ತಾರಾ ಕೇಳಿ ಅಂದ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ತಗೋತಾನಂತೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೋಗೇ ಆಚೆ ಎಂದು ಅವಳು ಕೂಗಲಿ, ಭಾವ ಬಂದು ನನ್ನನ್ನು ಹೊರಗೆ ಹಾಕಲಿ ಎಂದು ಕಾದೆ. ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಅಷ್ಟೇ.

ಅಕ್ಕ ಎದುರಿನ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಮೊಣಕೈಯಿಂದ ಎಡಕ್ಕೆ ತಳ್ಳಿಕೊಂಡಳು. "ತೋರ್ಸು" ಎಂದಳು. ಪೆನ್ನು ಅವಳ ಎಡಗೈಯಲ್ಲಿ ನಿಲ್ಲದೆ ನೆಲಕ್ಕೆ ಬಿತ್ತು. ನಾನೇ ಎತ್ತಿ ಕೊಟ್ಟೆ.