ಬನ್ನಿಗಿಡದ ಬುಡದ ಬಿಳುಪು

ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ ಎಡೆಯ ಅಡುಗೆಯನ್ನು ಚರಗವೆಂದು ಭೂಮಿಗೆ ಚೆಲ್ಲುವುದು ಕಟಕೋಳದ ಕಡೆಯ ರೂಢಿ. ಹೋದ ವರ್ಷ ಪಾಂಡವರನ್ನು ಬನ್ನಿಗಿಡದ ಬುಡದಲ್ಲಿ ಕೂರಿಸಿದ ಮರೆವ್ವ, ಡಬ್ಬಿಯಲ್ಲಿ ಸುಣ್ಣ ಉಳಿಯಿತೆಂದು ಪಕ್ಕದ ಬಾಂದಗಲ್ಲಿಗೂ ಬಳಿದಳು. ಆ ಕಲ್ಲಿನಿಂದ ಈಚೆಗೆ ಅವಳ ಹೊಲ, ಆಚೆಗೆ ಮೈದುನ ಭೀಮಶಿಯದು. ಅವಳ ಗಂಡ ಬದುಕಿದ್ದಾಗ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು. ಕಾಗದವಿಲ್ಲ, ಕಲ್ಲೇ ಸಾಕ್ಷಿ. ಬಾವಿ ಅವಳ ಕಡೆಗಿತ್ತು.

ಬೇಸಿಗೆಯಲ್ಲಿ ತವರಿಗೆ ಹೋಗಿ ಬರುವಷ್ಟರಲ್ಲಿ ಸಾಕ್ಷಿ ಎದ್ದು ನಡೆದಿತ್ತು. ಕಲ್ಲು ಬಾವಿಯ ಈಚೆ ದಂಡೆಗೆ ಬಂದು ಕೂತಿತ್ತು; ಬಾವಿ ಈಗ ಭೀಮಶಿಯ ಕಡೆಗೆ.

“ಮೊದಲಿಂದ ಅಲ್ಲೇ ಐತಲ್ಲ ವೈನಿ,” ಎಂದ ಭೀಮಶಿ, ನೊಣ ಕೂತರೆ ಜಾರುವಷ್ಟು ನುಣ್ಣಗೆ.

ಆಗ ಮರೆವ್ವನಿಗೆ ಫೋಟೋ ನೆನಪಾಯಿತು. ಹುಣ್ಣಿಮೆಯ ದಿನ ರಾಮದುರ್ಗದ ಫೋಟೋಗ್ರಾಫರ್ ಸಂಜು ಬಂದು, ಭೀಮಶಿಯ ಹೊಸ ಹೆಂಡತಿ ರಾಣಿಯನ್ನು ಅದೇ ಬನ್ನಿಗಿಡದ ಮುಂದೆ ನಿಲ್ಲಿಸಿ ಫೋಟೋ ಹೊಡೆದಿದ್ದ. ಹಿಂದೆ ಕಲ್ಲೂ ಚಿತ್ರದಲ್ಲಿ ಬಿದ್ದೇ ಇರುತ್ತದೆ! ಬಸ್ಸು ಹತ್ತಿ ಅವನ ಅಂಗಡಿಗೆ ಹೋದಳು.

ಸಂಜು ಕಂಪ್ಯೂಟರಿನಲ್ಲಿ ಚಿತ್ರ ಹಿಗ್ಗಿಸಿದ. ರಾಣಿಯ ರೆಪ್ಪೆಗೂದಲು ಎಣಿಸಬಹುದಿತ್ತು. ತುಟಿಯಂಚಿನ ಹೋಳಿಗೆಯ ಚೂರೂ ಕಾಣುತ್ತಿತ್ತು. ಅವಳ ಹಿಂದೆ ಹಸಿರು ಮಂಜು. ಮಂಜಿನ ಬುಡದಲ್ಲಿ ಹಾಲು ಚೆಲ್ಲಿದಂತೆ ಒಂದು ಬಿಳುಪು.

“ಕಲ್ಲ ಎಲ್ಲೋ ತಮ್ಮಾ?”

“ಇಂಥಾ ಬ್ಲರ್ ಸಲುವಾಗೇ ಈ ಲೆನ್ಸ್ ತಂದೇನ್ರೀ ಅಕ್ಕಾರ. ಹಿಂದಿಂದೆಲ್ಲಾ ಬೆಣ್ಣಿ ಕರಗಿದಂಗ ಕರಗಬೇಕು.”

“ನನ್ನ ಬಾವೀನೂ ಕರಗಿತಲ್ಲೋ. ಏನರೆ ಮಾಡಿ ನೆಟ್ಟಗ ಮಾಡಾಕ ಬರೂದಿಲ್ಲೇನು?”

“ಆಗ ಬೀಳದ್ದನ್ನ ಈಗ ಎಲ್ಲಿಂದ ತರ್ಲಿ? ಸಾದಾ ಮೊಬೈಲ್‌ನ್ಯಾಗ ಹೊಡದಿದ್ರ ಎಲ್ಲಾ ಕಾಣತಿತ್ತು.”

ಆದರೂ ಪ್ರಿಂಟು ತೆಗೆಸಿಕೊಂಡು ಬಂದು, ಊರಿನ ಹಿರಿಯ ಅಂದಾನೆಪ್ಪನ ಕಟ್ಟೆಯ ಮೇಲಿಟ್ಟಳು. ಆ ಬಿಳುಪಿನ ಮೇಲೆ ಬೆರಳಿಟ್ಟು, “ಇದ ನೋಡ್ರಿ ಯಪ್ಪಾ, ಬಾಂದಗಲ್ಲ. ಬನ್ನಿಗಿಡದ ಬುಡಕ್ಕ ಐತಿ,” ಎಂದಳು.

ಹಿರಿಯನ ಕರೆಗೆ ಬಂದಿದ್ದ ಭೀಮಶಿ ಬಗ್ಗಿ ನೋಡಿ ನಕ್ಕ. “ಪಾಂಡವರಿಗೆ ಬಾಂದಗಲ್ಲ ಅಂತೀಯಲ್ಲ ವೈನಿ! ನೀನ ಸುಣ್ಣಾ ಹಚ್ಚಿ ಕುಂದ್ರಿಸಿದ್ದಿ.”

ಅಂದಾನೆಪ್ಪ ಚಸ್ಮಾ ಏರಿಸಿದ, ಇಳಿಸಿದ. ಐದು ಕಲ್ಲೋ, ಆರೋ? ಬಿಳುಪು ಬಾಯಿ ಬಿಡಲಿಲ್ಲ.

“ನಿಮ್ಮ ಮನಿ ಸೊಸಿ ಫೋಟೋ ಮಾತ್ರ ಭಾಳ ಛಲೋ ಬಂದೈತಿ ನೋಡವಾ,” ಎಂದ ಆತ ಕೊನೆಗೆ. “ಕಲ್ಲ ಈಗ ಎಲ್ಲಿ ಐತಿ, ಅಲ್ಲೇ ಇರ್ಲಿ. ಮನಿಮಂದಿ ಜಗಳ ಬ್ಯಾಡ.”

ಈ ವರ್ಷದ ಹುಣ್ಣಿಮೆಗೂ ಸಂಜು ಬಂದ. ಬಸುರಿ ರಾಣಿ ಹಸಿರು ಸೀರೆಯುಟ್ಟು ಬಾವಿಯ ದಂಡೆಗೆ ನಿಂತಿದ್ದಳು. ಅವಳನ್ನು ಕೇಳಿಕೊಂಡು ಕೊಡ ತುಂಬಲು ಬಂದ ಮರೆವ್ವ ಹಿಂದೆ ನಿಂತು ಹಗ್ಗ ಇಳಿಬಿಡುತ್ತಿದ್ದಳು.

“ಅಕ್ಕಾರ, ಚೂರು ಬಾಜೂಕ ಸರೀರಿ. ಫೋಟೋದಾಗ ಬರ್ತೀರಿ.”

ಮರೆವ್ವ ಸರಿಯಲಿಲ್ಲ.

“ಹೊಡ್ಯೋ ತಮ್ಮಾ. ನಿನ್ನ ಫೋಟೋದಾಗ ಹಿಂದ ನಿಂತವರ ಗುರ್ತು ಯಾರಿಗೆ ಹತ್ತತೈತಿ?”