ಓದದೆ ಅಳಿಸಿದ್ದು

ಇಸ್ತ್ರಿ ಅಂಗಡಿಯವನಿಗೆ ಕಲೆ ಕಂಡರೆ ಆಗದು. ಬಟ್ಟೆಯ ಮಾತು ಬಿಡಿ, ಅಂಗಡಿಯ ಫೋನೂ ಚೊಕ್ಕಟವಾಗಿರಬೇಕು. ಗಂಡ ಹೆಂಡತಿ ಇಬ್ಬರಿಗೂ ಅದೊಂದೇ ಫೋನು. ಶನಿವಾರ ಬಂತೆಂದರೆ, ವಾರವಿಡೀ ಅದರಲ್ಲಿ ಹುಡುಕಿದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡುತ್ತಿದ್ದ. ಅಳಿಸುವ ಮುಂಚೆ ಓದುವ ಪುರುಸೊತ್ತು ಯಾರಿಗಿದೆ?

ಒಂದು ಶನಿವಾರ ಆರೋಗ್ಯ ಕೇಂದ್ರದ ನರ್ಸಕ್ಕ ಹಾಳೆಯೊಂದನ್ನು ಹಿಡಿದು ಬಂದಳು. ಅದರಲ್ಲೊಂದು ಗೆರೆ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು.

“ಇದೇನಕ್ಕ, ಜ್ವರದ ಲೆಕ್ಕನಾ?”

“ಮನಸ್ಸಿನ ನೋವಿನ ಲೆಕ್ಕ ಅಣ್ಣ. ‘ನಿದ್ದೆ ಬರ್ತಿಲ್ಲ’, ‘ಬದುಕು ಸಾಕಾಗಿದೆ’ ಅಂತ ನಮ್ಮ ಸುತ್ತಮುತ್ತ ಫೋನಲ್ಲಿ ಹುಡುಕೋದು ಮೂರು ತಿಂಗಳಿಂದ ಏರ್ತಾನೇ ಇದೆ. ಅದನ್ನ ನೋಡೇ ಮನಸ್ಸಿನ ಡಾಕ್ಟರನ್ನ ಕರೆಸಿದೀವಿ.”

“ಯಾರು ಏನು ಹುಡುಕಿದ್ರು ಅಂತ ನಿಮಗೆ ಗೊತ್ತಾಗುತ್ತಾ? ಮಾನ ಮರ್ಯಾದೆ ಬೇಡ್ವಾ?”

“ಹೆಸರು ಗೊತ್ತಾಗಲ್ಲ ಅಣ್ಣ, ಎಷ್ಟು ಸಲ ಹುಡುಕಿದ್ರು ಅನ್ನೋ ಲೆಕ್ಕ ಮಾತ್ರ ಇಂಟರ್ನೆಟ್ ಕಂಪನಿಯವರು ಕೊಡ್ತಾರೆ. ಹುಡುಕಿದವರೆಲ್ಲ ಕಾಯಿಲೆಯವರು ಅಂತಾನೂ ಅಲ್ಲ. ಯಾರಿಗೆ ನೋವಿದೆ ಅನ್ನೋದನ್ನ ಮನೆಯವರೇ ಕೇಳಿ ತಿಳ್ಕೋಬೇಕು.”

“ಹೊಟ್ಟೆ ತುಂಬಿದವರ ಆಟ ಇದೆಲ್ಲ! ನಮಗೆ ತಲೆ ಕೆರ್ಕೊಳ್ಳೋಕೂ ಟೈಮಿಲ್ಲ. ಬೇಕಿದ್ರೆ ನಮ್ಮ ಫೋನೇ ನೋಡಿ.”

ಜಂಬದಿಂದ ಫೋನು ತೆರೆದ. ಆ ವಾರದ್ದಿನ್ನೂ ಅಳಿಸಿರಲಿಲ್ಲ. ‘ಶಾಯಿ ಕಲೆ ತೆಗೆಯೋದು ಹೇಗೆ’ ಎಂದು ತಾನೇ ಹುಡುಕಿದ್ದರ ಕೆಳಗೆ, ‘ಸುಮ್ಮಸುಮ್ಮನೆ ಅಳು ಯಾಕೆ ಬರುತ್ತೆ’ ಎಂದಿತ್ತು. ಅದರ ಕೆಳಗೆ, ‘ನಾನಿಲ್ಲದಿದ್ರೂ ಮನೆ ನಡೆಯುತ್ತಾ’.

ಫೋನನ್ನು ನರ್ಸಕ್ಕನಿಗೆ ತೋರಿಸದೆ ಹೆಂಡತಿಯ ಕಡೆ ತಿರುಗಿದ. ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದ ಅವಳ ಕೈ ನಿಂತಿತ್ತು.

“ಇದು... ಯಾವಾಗಿಂದ?”

“ತುಂಬ ದಿನ ಆಯ್ತು,” ಎಂದಳು, ತಲೆ ಎತ್ತದೆ. “ಬಾಯಿಬಿಟ್ಟು ಹೇಳೋಕಾಗ್ಲಿಲ್ಲ. ಅಳಿಸೋ ಮುಂಚೆ ಒಂದ್ಸಲನಾದ್ರೂ ಓದ್ತೀರೇನೋ ಅಂದ್ಕೊಂಡಿದ್ದೆ.”

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಗಿತ್ತು. ಊರವರ ಅಂಗಿಯ ಚುಕ್ಕೆ ಕಂಡವನಿಗೆ ಪಕ್ಕದಲ್ಲೇ ಬಾಡುತ್ತಿದ್ದ ಮುಖ ಕಂಡಿರಲಿಲ್ಲ. ಎಷ್ಟು ಶನಿವಾರ ಎಷ್ಟು ಅಳಿಸಿದನೋ, ಇನ್ನು ಯಾವ ಸೋಪು ಹಾಕಿದರೂ ಅದು ವಾಪಸು ಬರುವುದಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಸ್ತ್ರಿಪೆಟ್ಟಿಗೆ ಆರಿಸಿದ.

“ಡಾಕ್ಟರು ಇವತ್ತು ಇದಾರಾ ಅಕ್ಕ?”

“ಇದಾರೆ. ಒಂದೇ ದಿನಕ್ಕೆ ವಾಸಿಯಾಗಲ್ಲ, ಹೋಗ್ತಾ ಇರಬೇಕು. ಅಲ್ಲೀವರೆಗೆ ಇವಳನ್ನ ಒಬ್ಬಳನ್ನೇ ಬಿಡಬೇಡಿ.”

ಮೂವರೂ ಹೊರಟರು. ಅರ್ಧ ಇಸ್ತ್ರಿಯಾದ ಬಟ್ಟೆಗಳು ಮೇಜಿನ ಮೇಲೇ ಉಳಿದವು.

ಅಣ್ಣಂದಿರೇ, ಅಕ್ಕಂದಿರೇ, ಹಾಳೆಯ ಮೇಲಿನ ಗೆರೆ ಊರಿನ ನೋವನ್ನು ತೋರಿಸೀತು, ನಿಮ್ಮ ಮನೆಯವರ ಹೆಸರು ಹೇಳದು. ನಿಮಗೇ ಸಾಕಾಗಿದ್ದರೆ ಫೋನಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ, ಆರೋಗ್ಯ ಕೇಂದ್ರಕ್ಕೆ ಬನ್ನಿ. ಮನೆಯವರು ಮಂಕಾಗಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಉತ್ತರ ಬರುವ ತನಕ ಎದ್ದು ಹೋಗಬೇಡಿ.